ಹಿಂದೆ ಬರುತ್ತಿದ್ದ ಜೀಪು

ಪೊಲೀಸ್ ಜೀಪಿನ ಡ್ರೈವರಿಗೆ ಊರಲ್ಲಿ ಎರಡು ಬಗೆಯ ಮರ್ಯಾದೆ. ಪಕ್ಕದಲ್ಲಿ ಸಾಹೇಬರು ಕೂತಿದ್ದಾಗ ಒಂದು, ಕೂತಿಲ್ಲದಾಗ ಇನ್ನೊಂದು. ಸಾಹೇಬರಿದ್ದರೆ ಹೋಟೆಲಿನವನು ಗ್ಲಾಸು ತೊಳೆದು ಒರೆಸಿ ಟೀ ಕೊಡುತ್ತಾನೆ. ಇಲ್ಲದಿದ್ದರೆ 'ಏನಪ್ಪ, ಇವತ್ತು ಒಬ್ನೇ' ಎಂದು ಒದ್ದೆ ಗ್ಲಾಸನ್ನೇ ಮುಂದಕ್ಕೆ ತಳ್ಳುತ್ತಾನೆ. ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಕಡೆಗೆ ಹೊಸದುರ್ಗ ಎಂದು ಜಿಲ್ಲೆಯ ರಸ್ತೆಗಳ ಮೇಲೆಯೇ ನನ್ನ ಕೂದಲು ಬೆಳ್ಳಗಾಯಿತು. ನನ್ನ ಬಾಯಿ ಸ್ವಲ್ಪ ಜೋರು, ಅದಕ್ಕಾಗಿ ವರ್ಗವಾದದ್ದೂ ಉಂಟು. ಈಗ ಇದನ್ನು ಬರೆಯುತ್ತಿರುವುದು ಯಾರ ಮೇಲೋ ದೂರು ಹೇಳುವುದಕ್ಕಲ್ಲ. ಒಂದು ಮಧ್ಯಾಹ್ನದ ಓಟ ತಲೆಯಿಂದ ಇಳಿಯುತ್ತಿಲ್ಲ. ಬರೆದರಾದರೂ ಇಳಿಯುತ್ತದೇನೋ ನೋಡೋಣ ಎಂದು ಕೂತಿದ್ದೇನೆ.

ನಾವು ಕುರಿಯವರು. ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಕುರಿಯ ಹಿಂದೆ ನಡೆದೇ ಬದುಕು ಮುಗಿಸಿದರು. ನಡೆಯುವುದಕ್ಕೆ ಮೈಗಳ್ಳನಾದ ನಾನು ಸ್ಟೇರಿಂಗು ಹಿಡಿದೆ. ಅಕ್ಕನನ್ನು ಮತ್ತೋಡಿನ ಕಡೆಯ ಒಂದು ಹಟ್ಟಿಗೆ ಕೊಟ್ಟಿದ್ದರು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಅಕ್ಕ. ಬಾರಿಸಿದವಳೂ ಅವಳೇ, ಆಮೇಲೆ ಕರೆದು ಉಣ್ಣಲಿಕ್ಕೆ ಇಟ್ಟವಳೂ ಅವಳೇ. ಅವರಿಗೆ ಮಕ್ಕಳಾಗಲಿಲ್ಲ. ಕುರಿ, ಒಂದಿಷ್ಟು ರಾಗಿ ಹೊಲ, ಅಕ್ಕನ ಬಾಯಿ, ಭಾವನ ಮೌನ, ಇಷ್ಟರಲ್ಲಿ ಆ ಮನೆ ಚೆನ್ನಾಗಿಯೇ ನಡೆಯುತ್ತಿತ್ತು. ನೀವು ಮಾತಾಡೋದು ಕುರಿಗಳ ಹತ್ತಿರ ಮಾತ್ರ ಎಂದು ನಾನು ಭಾವನನ್ನು ರೇಗಿಸುತ್ತಿದ್ದೆ. 'ಅವು ಎದುರು ಮಾತಾಡಲ್ಲ ಕಣಪ್ಪ' ಎಂದು ಅಕ್ಕನ ಕಡೆ ನೋಡಿ ನಗುತ್ತಿದ್ದರು.

ಆ ವರ್ಷ ನಮ್ಮ ಕಡೆ ಕುರಿ ಕಳ್ಳರ ಹಾವಳಿ ಹೆಚ್ಚಾಯಿತು. ಅವರು ಬರುತ್ತಿದ್ದುದು ಕಾರಿನಲ್ಲಿ, ಹಾಡುಹಗಲೇ. ರಸ್ತೆ ಬದಿಯಲ್ಲಿ ಒಬ್ಬನೇ ಕುರಿ ಕಾಯುತ್ತಿದ್ದವನ ಹತ್ತಿರ ಒಬ್ಬ ಇಳಿದು 'ಶ್ರೀರಾಂಪುರಕ್ಕೆ ದಾರಿ ಯಾವುದು' ಎಂದು ಕೇಳುವುದು, ಅವನು ಕೈ ತೋರಿಸುವಷ್ಟರಲ್ಲಿ ಉಳಿದವರು ಕೈಗೆ ಸಿಕ್ಕ ಕುರಿಗಳನ್ನು ಕಾರಿಗೆ ತುಂಬುವುದು. ಹಿಂದಿನ ಸೀಟು ಕಿತ್ತು ಜಾಗ ಮಾಡಿಕೊಂಡೇ ಬರುತ್ತಿದ್ದರು. ಕುರಿಯಾದರೂ ಏನು ಮಾಡೀತು? ಕತ್ತು ಹಿಡಿದು ಎಳೆದವರ ಕಡೆ ಹೋಗುತ್ತದೆ.

ಹಟ್ಟಿಯವರೆಲ್ಲ ಸೇರಿ ಒಂದು ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಂದು ಕೂತರು. ಎಲ್ಲರಿಗಿಂತ ಮುಂದೆ ನಮ್ಮ ಅಕ್ಕ. ನಾನು ಜೀಪಿನ ಮರೆಗೆ ಸರಿದು ನಿಂತೆ.

'ಏನ್ರೀ ಸಾಹೇಬ್ರೆ, ನಿಮ್ ಜೀಪು ಹೆಣ್ಣು ನೋಡಾಕೆ ಹೋಗೋ ಹಂಗೆ ಹೋಗ್ತೈತಲ್ರಿ! ಹಂಗೆ ಹೋದ್ರೆ ಕಳ್ರು ನಿಂತ್ಕಂಡು ಕಾಯ್ತಾರೇನ್ರಿ?' ಎಂದು ಅಕ್ಕ ನಮ್ಮ ಸಬ್ ಇನ್ಸ್‌ಪೆಕ್ಟರನ್ನು ಎಲ್ಲರೆದುರು ಕೇಳಿದಳು.

ಆ ಸಬ್ ಇನ್ಸ್‌ಪೆಕ್ಟರು ಹೊರ ಜಿಲ್ಲೆಯಿಂದ ಬಂದ ಹುಡುಗ, ಒಳ್ಳೆಯವರು. ಕಿವಿ ಕೆಂಪಗಾಯಿತು. 'ಮುಂದಿನ ಸಲ ಬಿಡಲ್ಲಮ್ಮ. ಮಾತು ಕೊಡ್ತೀನಿ' ಎಂದರು. ಅಕ್ಕ ಎದ್ದು ಸೆರಗು ಕೊಡವಿಕೊಂಡು, ಜೀಪಿನ ಹಿಂದೆ ಅವಿತಿದ್ದ ನನ್ನನ್ನು ಹುಡುಕಿ, 'ನೀನೂ ಕೇಳಿಸ್ಕಂಡೆ ತಾನೆ?' ಎಂದು ಹೇಳಿ ಹೋದಳು. ಆಮೇಲೆ ಹಟ್ಟಿಗಳವರೇ ತಮ್ಮ ತಮ್ಮಲ್ಲಿ ಒಂದು ಕಟ್ಟಳೆ ಮಾಡಿಕೊಂಡರಂತೆ. ನನಗೆ ಅದು ತಿಳಿದದ್ದು ತಡವಾಗಿ.

ಕಟ್ಟಳೆ ಇದು: ಎಲ್ಲಾದರೂ ಕುರಿ ಕದ್ದ ಕಾರು ಹೊರಟಿತೆಂದರೆ ಹಟ್ಟಿಯಿಂದ ಹಟ್ಟಿಗೆ ಫೋನು ಹೋಗಬೇಕು, ದಾರಿಯಲ್ಲಿ ಸಿಗುವ ಹಟ್ಟಿಯವರು ತಮ್ಮ ಹಿಂಡನ್ನು ರಸ್ತೆಗೆ ಅಡ್ಡ ತುಂಬಬೇಕು. ಕಲ್ಲಿಟ್ಟರೆ ಉರುಳಿಸುತ್ತಾರೆ, ಮುಳ್ಳು ಹಾಕಿದರೆ ಪಕ್ಕಕ್ಕೆ ಎಳೆಯುತ್ತಾರೆ, ಕುರಿಯನ್ನು ಏನು ಮಾಡುತ್ತಾರೆ? ನಗಬೇಡಿ, ಅವರ ಮಾತಿನಲ್ಲಿ ಹುರುಳಿತ್ತು. ಹುಟ್ಟಿದಾಗಿನಿಂದ ಅವರು ನೋಡಿದ್ದು ಒಂದೇ. ಹಿಂಡು ರಸ್ತೆಗಿಳಿದರೆ ಬಸ್ಸು ನಿಲ್ಲುತ್ತದೆ, ಅದಿರಿನ ಲಾರಿ ನಿಲ್ಲುತ್ತದೆ, ಮಂತ್ರಿಗಳ ಕಾರು ಬಂದರೂ ಹಾರನ್ ಹೊಡೆದು ಬೈದು ನಿಲ್ಲುತ್ತದೆ. ಕುರಿಯ ಮೇಲೆ ಗಾಡಿ ಹತ್ತಿಸಿಕೊಂಡು ಹೋದವನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಕಳ್ಳನಿಗೂ ಕುರಿ ಬೇಕಾಗಿಯೇ ಅಲ್ಲವೇ ಕದಿಯುವುದು ಎಂದು ಅವರಲ್ಲೊಬ್ಬ ಹೇಳಿದನಂತೆ. ಎಲ್ಲರೂ ಹೌದೆಂದರಂತೆ.

ಆ ದಿನ ಊಟ ಮುಗಿಸಿ ನಾವು ಶ್ರೀರಾಂಪುರದ ರಸ್ತೆಯಲ್ಲೇ ಇದ್ದೆವು. ಪಕ್ಕದಲ್ಲಿ ಸಬ್ ಇನ್ಸ್‌ಪೆಕ್ಟರು, ಹಿಂದೆ ಒಬ್ಬ ಕಾನ್‌ಸ್ಟೇಬಲ್. ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ಅಡ್ಡ ಬಂದನೆಂದು ಅವನ ತಲೆಗೆ ಕಬ್ಬಿಣದ ರಾಡಿನಿಂದ ಹೊಡೆದು ಕುರಿ ತುಂಬಿಕೊಂಡು ಬಿಳಿ ಕಾರೊಂದು ಹೊರಟಿದೆ. ಸುದ್ದಿ ಮುಗಿಯುವ ಮೊದಲೇ ಆ ಕಾರು ನಮ್ಮೆದುರಿನ ಅಡ್ಡರಸ್ತೆಯಿಂದ ಧೂಳೆಬ್ಬಿಸಿಕೊಂಡು ಡಾಂಬರಿಗೆ ಹತ್ತಿತು. ಹಿಂದಿನ ಗಾಜಿನಲ್ಲಿ ಕುರಿಗಳ ಮುಖ ಕಾಣುತ್ತಿತ್ತು. ನಂಬರ್ ಪ್ಲೇಟಿಗೆ ಕೆಸರು ಮೆತ್ತಿದ್ದರು. ಸಾಹೇಬರು ಸೈರನ್ ಹಾಕಿದರು, ನಾನು ಗೇರು ಬದಲಿಸಿದೆ.

ಸುಳ್ಳು ಯಾಕೆ ಹೇಳಲಿ, ಮೊದಲ ಸ್ವಲ್ಪ ದೂರ ನನಗೂ ಹುರುಪು ಬಂದಿತ್ತು. ಅಕ್ಕ ಹೀಯಾಳಿಸಿದ ಜೀಪು ಅದು. ಓಡಲಿ ಎಂದುಕೊಂಡೆ. ಆದರೆ ನಮ್ಮ ಆ ರಸ್ತೆಗಳು ಯಾವ ಓಟಕ್ಕೂ ಮಾಡಿದವಲ್ಲ. ಎದುರಿಗೆ ಬಸ್ಸು ಬಂದರೆ ಒಂದು ಚಕ್ರ ಮಣ್ಣಿಗಿಳಿಸಬೇಕು. ಜೊತೆಗೆ ಅದು ಹುರುಳಿಯ ಕಾಲ. ಜನ ಹುರುಳಿ ಕಿತ್ತು ತಂದು ರಸ್ತೆಯ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಎಂದು. ಅದರ ಮೇಲೆ ಬ್ರೇಕು ಒತ್ತಿದರೆ ಗಾಡಿ ಎಣ್ಣೆಯ ಮೇಲೆ ಬಿದ್ದ ಹಾಗೆ ಜಾರುತ್ತದೆ. ಒಂದು ಊರಿನಲ್ಲಿ ಮುದುಕಿಯೊಬ್ಬಳು ಪೊರಕೆ ಹಿಡಿದು ಹುರುಳಿ ಗುಡಿಸುತ್ತಿದ್ದಳು. ಮುಂದಿನ ಕಾರು ಆ ಹುರುಳಿಯ ಮೇಲೇ ನುಗ್ಗಿತು. ಸಿಪ್ಪೆ, ಕಡ್ಡಿ, ಧೂಳು ಎದ್ದು ಮುದುಕಿ ಕಾಣದಾದಳು. ನಾನು ಉಸಿರು ಬಿಗಿಹಿಡಿದು ಸ್ಟೇರಿಂಗು ಎಳೆದೆ. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ರಸ್ತೆ ಬದಿಯಲ್ಲಿ ಕುಸಿದು ಕೂತಿದ್ದಳು, ಪೊರಕೆ ಇನ್ನೂ ಕೈಯಲ್ಲೇ ಇತ್ತು.

'ಸಾರ್, ನಾವು ಹಿಂದೆ ಇರೋತನಕ ಅವನು ಕಾಲು ತೆಗೆಯಲ್ಲ ಸಾರ್. ಸೈರನ್ ಕೂಗಿದಷ್ಟೂ ಒತ್ತುತ್ತಾನೆ' ಎಂದೆ.

'ಗೊತ್ತು' ಎಂದರು ಸಾಹೇಬರು. ಮುಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದರು. 'ಆ ಅಜ್ಜ ಬದುಕ್ತಾನೋ ಇಲ್ಲವೋ. ನಂಬರ್ ಕಾಣ್ತಿಲ್ಲ. ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬರ ತಲೆ ಒಡೀತಾರೆ. ಆಗ ಜನಕ್ಕೆ ಏನು ಹೇಳಲಿ?'

ಅವರು ಹೇಳಿದ್ದು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ಹಾಗಂತ ನಾನು ಹೇಳಿದ್ದೂ ತಪ್ಪಲ್ಲ. ಬೆನ್ನಟ್ಟಿದವನಿಗೆ ಇದು ಗೊತ್ತಿರುತ್ತದೆ: ಮುಂದಿನವನ ಆಕ್ಸಿಲರೇಟರನ್ನು ಅರ್ಧ ಒತ್ತುವವರು ಹಿಂದೆ ಇರುವ ನಾವೇ. ಹಿಡಿಯಲೇಬೇಕು ಎಂಬುದೂ ನಿಜ, ದಾರಿಯಲ್ಲಿ ಪೊರಕೆ ಹಿಡಿದು ನಿಂತವಳಿಗೂ ನಮಗೂ ಯಾವ ಜಗಳವೂ ಇಲ್ಲ ಎಂಬುದೂ ನಿಜ. ಇವೆರಡನ್ನೂ ತೂಗಿ ನೋಡುವುದಕ್ಕೆ ಮರದ ಕೆಳಗೆ ಕೂತು ಒಂದು ಬೀಡಿ ಸೇದುವಷ್ಟಾದರೂ ಹೊತ್ತು ಬೇಕು. ನಮಗಿದ್ದುದು ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಹೋಗುವಷ್ಟು ಹೊತ್ತು.

ಕಾರು ಮತ್ತೋಡಿನ ಕಡೆಗೆ ತಿರುಗಿತು. ಆಗ ನನ್ನ ಫೋನು ಹೊಡೆದುಕೊಂಡಿತು. ಮುಂದಿನ ಗಾಜಿನ ಕೆಳಗೆ ಇಟ್ಟಿದ್ದೆ. ಪರದೆಯ ಮೇಲೆ ಅಕ್ಕನ ಹೆಸರು ನೋಡಿ ಸಾಹೇಬರೇ ಎತ್ತಿ ಸ್ಪೀಕರಿಗೆ ಹಾಕಿದರು.

'ತಮ್ಮಾ, ಬಿಳೇ ಕಾರು ನಮ್ ಕಡೀಕೇ ಬರ್ತೈತಂತೆ, ಹಿಂದೆ ನಿಮ್ ಜೀಪೂ ಐತಂತೆ, ಫೋನ್ ಬಂತು. ಹಟ್ಟಿ ಮುಂದ್ಲ ರಸ್ತೆಗೆ ಕುರಿ ಅಡ್ಡ ಬಿಟ್ಟೀವಿ. ನಿಮ್ ಭಾವ ಮುಂದೆ ನಿಂತವ್ರೆ. ಬಂದು ಹಿಡ್ಕಳ್ರಿ!'

ಅವಳ ದನಿಯಲ್ಲಿ ಹಬ್ಬದ ಸಡಗರವಿತ್ತು.

'ಅಕ್ಕಾ, ರಸ್ತೆ ಬಿಡ್ರಿ! ಕುರಿ ಹಾಳಾಗ್ಲಿ, ನೀವು ಪಕ್ಕಕ್ಕೆ ಬರ್ರಿ! ಅವ್ನು ನಿಲ್ಸಲ್ಲ!' ಎಂದು ಕಿರುಚಿದೆ.

'ಕುರಿ ಮ್ಯಾಲೆ ಯಾರ್ ಗಾಡಿ ಹತ್ತಿಸ್ತಾರೋ ಹುಚ್ಚಪ್ಪ?'

'ಹತ್ತಿಸ್ತಾನೆ ಕಣಕ್ಕ! ನಿನ್ ಕಾಲಿಗೆ ಬೀಳ್ತೀನಿ, ಭಾವನ್ನ ಕರಿ, ಬಿಟ್ಟು ಓಡ್ಬರಾಕೆ ಹೇಳು!'

ನನ್ನ ದನಿಗೆ ಅವಳು ಹೆದರಿರಬೇಕು. 'ರೀ, ಹೊಡೀರಿ, ಕುರಿ ಪಕ್ಕಕ್ಕೆ ಹೊಡೀರಿ' ಎಂದು ದೂರಕ್ಕೆ ಕೂಗಿದ್ದು ಕೇಳಿಸಿತು, ಆಮೇಲೆ ಲೈನು ಕಟ್ಟಾಯಿತು. ಅಷ್ಟರಲ್ಲಿ ನನ್ನ ಕಾಲು ತಾನೇ ಮೇಲೆದ್ದಿತ್ತು. ಸಾಹೇಬರು ನನ್ನ ಮುಖ ನೋಡಿದರು. ಎದುರಿನ ಕಾರು ನೋಡಿದರು. 'ನಿಲ್ಲಿಸಿ' ಎಂದರು. ಸೈರನ್ನನ್ನು ಅವರೇ ಆರಿಸಿದರು. ಜೀಪನ್ನು ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದೆ.

ಆ ನಿಂತ ಹೊತ್ತನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ. ಸಾಹೇಬರು ಹಿರಿಯೂರಿನ ಕಡೆ ರಸ್ತೆಯನ್ನು ಅಡ್ಡಗಟ್ಟಲು ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದರು. ನಾನು ಅಕ್ಕನಿಗೆ ಫೋನು ಮಾಡುತ್ತಲೇ ಇದ್ದೆ, ರಿಂಗಾಗುತ್ತಲೇ ಇತ್ತು. ಕಾರು ಕಣ್ಮರೆಯಾಗಿತ್ತು. ನಾವು ಹಿಂದೆ ಇಲ್ಲವೆಂದು ಅವನಿಗೆ ಯಾರು ಹೇಳಬೇಕು? ಕನ್ನಡಿಯಲ್ಲಿ ನೋಡು, ದೇವರಾಣೆ ನಾವಿಲ್ಲ, ನಿಧಾನ ಮಾಡು ಎಂದು ಆ ಕಳ್ಳನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹೋದರೆ ಅಟ್ಟಿದ ಹಾಗೆ, ನಿಂತರೆ ಅಕ್ಕನನ್ನು ಬಿಟ್ಟ ಹಾಗೆ. ಕಾನ್‌ಸ್ಟೇಬಲ್ ಹಿಂದಿನಿಂದ ನನ್ನ ಭುಜದ ಮೇಲೆ ಕೈಯಿಟ್ಟ. ಅದನ್ನು ಕೊಡವಿ ಹಾಕಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು.

'ನಿಧಾನವಾಗಿ ಹೋಗೋಣ' ಎಂದರು ಸಾಹೇಬರು ಕಡೆಗೆ. ಹೋದೆವು. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗಬಹುದಿತ್ತು, ಹಾಗೆ ಹೋದೆವು.

ಹಟ್ಟಿಯ ಮುಂದಿನ ಇಳಿಜಾರಿನಲ್ಲಿ ಮೊದಲು ಕಂಡದ್ದು ಕುರಿ. ಅರ್ಧ ಹಿಂಡು ಪಕ್ಕದ ಹೊಲಕ್ಕೆ ಇಳಿದಿತ್ತು. ಕೆಲವು ರಸ್ತೆಯ ಮೇಲೆ ಬಿದ್ದಿದ್ದವು, ಕೆಲವು ಅಲ್ಲೇ ಸುತ್ತುತ್ತಿದ್ದವು. ಅಕ್ಕ ಕೋಲು ಹಿಡಿದು ಉಳಿದ ಕುರಿಗಳನ್ನು ಹೊಲದ ಕಡೆಗೆ ಹೊಡೆಯುತ್ತಿದ್ದಳು. ಅವಳು ನಿಂತಿದ್ದಾಳೆ, ನಡೆಯುತ್ತಿದ್ದಾಳೆ ಎಂದು ನನ್ನ ಜೀವ ಮರಳಿ ಬಂತು. ಇಳಿದು ಓಡಿದೆ. ಅವಳು ನನ್ನ ಮುಖ ನೋಡಲಿಲ್ಲ. 'ತಡಿ, ಮೊದ್ಲು ಇವು ದಾಟ್ಲಿ. ನಿಮ್ ಭಾವ ದಾಟ್ಸು ಅಂದವ್ರೆ' ಎಂದಳು. ರಸ್ತೆಯ ಆಚೆ ಬದಿಯಲ್ಲಿ, ಚರಂಡಿಯ ಹತ್ತಿರ, ಭಾವ ಮಲಗಿದ್ದರು. ಹಟ್ಟಿಯವರು ಸುತ್ತ ನಿಂತಿದ್ದರು.

ನಡೆದದ್ದನ್ನು ಹಟ್ಟಿಯವರೇ ಹೇಳಿದರು. ಅಕ್ಕ ಕೂಗಿದ ಕೂಡಲೇ ಭಾವ ಹೊಲಕ್ಕೆ ಇಳಿದರು, ಕುರಿಗಳೂ ಇಳಿದವು. ಮುಂದೆ ನಡೆಯುವವನ ಹಿಂದೆ ಕುರಿ ಬರುತ್ತವೆ, ಆದರೆ ಸಾಲಾಗಿ ಬರುತ್ತವೆ, ಅವಸರ ಅವಕ್ಕೆ ಗೊತ್ತಿಲ್ಲ. ಹಿಂಡಿನ ಕಡೆಯಲ್ಲಿ ಮರಿಗಳು ಉಳಿದವು. ಅವನ್ನು ತರಲು ಭಾವ ಮತ್ತೆ ರಸ್ತೆಗೆ ಹತ್ತಿದರು. ಕಾರು ಬಂದ ವೇಗದಲ್ಲೇ ಬಂತು. ಕಾರಿನವನು ಹಿಂದೆ ನೋಡಿಯೇ ಇರಲಿಲ್ಲವೇನೋ. ಜಿಗಿದಿದ್ದರೆ ಭಾವ ಉಳಿಯುತ್ತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ರಸ್ತೆಯ ಮೇಲೆ ಮರಿ ಬಿಟ್ಟು ಜಿಗಿದ ಕುರಿಯವನನ್ನು ನಾನು ನೋಡಿಲ್ಲ, ಅಪ್ಪನೂ ಜಿಗಿಯುತ್ತಿರಲಿಲ್ಲ.

ಭಾವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೊಸದುರ್ಗಕ್ಕೆ ಹೊರಟೆ. ಅದೇ ರಸ್ತೆ, ಅದೇ ಸೈರನ್. ಈಗ ಎಷ್ಟು ಓಡಿಸಿದರೂ ಯಾರೂ ಬೇಡವೆನ್ನಲಿಲ್ಲ. ಹುರುಳಿ ಹರಡಿದ ಊರಿನಲ್ಲಿ ಜನ ಮೊದಲೇ ರಸ್ತೆ ಬಿಟ್ಟು ನಿಂತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕೈ ಹಿಡಿದು ನೋಡಿ ಇಲ್ಲವೆಂದು ತಲೆಯಾಡಿಸಿದರು.

ಹಿರಿಯೂರಿನ ಕಡೆ ಅಡ್ಡಗಟ್ಟಿದವರ ಕೈಗೂ ಆ ಕಾರು ಸಿಗಲಿಲ್ಲ. ತಿಥಿಯ ದಿನ ಎರಡು ಬಗೆಯ ಮಾತು ನನ್ನ ಮುಖಕ್ಕೇ ಬಂದವು. 'ನೀವು ಅಟ್ಟಿಸ್ಕಂಡು ಬಂದಿದ್ಕೇ ಅವ್ನು ಹಂಗೆ ನುಗ್ಗಿದ್ದು' ಎಂದರು ಕೆಲವರು. 'ನೀವು ಹೆದರ್ಕಂಡು ಮರದ ಕೆಳಗೆ ನಿಂತ್ರಿ, ಅದಕ್ಕೇ ತಪ್ಪಿಸ್ಕಂಡ' ಎಂದರು ಕೆಲವರು. ಎರಡಕ್ಕೂ ತಲೆ ಬಗ್ಗಿಸಿ ಎಲೆ ಎತ್ತಿದೆ. ಅಕ್ಕ ಒಂದು ಮಾತೂ ಆಡಲಿಲ್ಲ. ಊರಿಗೆಲ್ಲ ಬಾಯಿ ಕೊಡುತ್ತಿದ್ದವಳು ಭಾವನ ಹಾಗೆ ಮೂಕಿಯಾಗಿದ್ದಳು, ನನಗೆ ಅದೇ ಭಯವಾಯಿತು.

ಇಲಾಖೆಯವರು ಕೇಳಬೇಕಾದ್ದನ್ನು ಕೇಳಿದರು, ಸಾಹೇಬರು ಹೇಳಬೇಕಾದ್ದನ್ನು ಹೇಳಿದರು. ಕೆಲವು ತಿಂಗಳಾದ ಮೇಲೆ ಚಿತ್ರದುರ್ಗದಲ್ಲಿ ಡ್ರೈವರುಗಳಿಗೆಲ್ಲ ಒಂದು ತರಗತಿ ಇಟ್ಟರು. ಮೇಲಧಿಕಾರಿಯೊಬ್ಬರು ಹಲಗೆಯ ಮೇಲೆ ಬರೆದು ವಿವರಿಸಿದರು. ಬೆನ್ನಟ್ಟುವ ಮುಂಚೆ ನೋಡಬೇಕಾದ್ದು: ಎಂಥ ಅಪರಾಧ, ಎಂಥ ರಸ್ತೆ, ಜನ ಓಡಾಡುವ ಹೊತ್ತೇ, ಆಮೇಲೆ ಬೇರೆ ದಾರಿಯಲ್ಲಿ ಹಿಡಿಯಬಹುದೇ. ಒಳ್ಳೆಯ ಪಾಠ. ನನ್ನ ಬಾಯಿ ಸುಮ್ಮನಿರಬೇಕಲ್ಲ. 'ಸಾರ್, ಇಷ್ಟೆಲ್ಲ ಲೆಕ್ಕ ಹಾಕೋಕೆ ನಮಗೆ ಎಷ್ಟು ಹೊತ್ತು ಸಿಗುತ್ತೆ?' ಎಂದು ಕೇಳಿದೆ. ಕೆಲವರು ನಕ್ಕರು. ಅಧಿಕಾರಿ ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, 'ಸಿಗಲ್ಲ. ಅದಕ್ಕೇ ಮೊದಲೇ ಹಾಕಿಟ್ಟುಕೊಂಡು ಜೀಪು ಹತ್ತಬೇಕು' ಎಂದರು. ಅಂದಿನಿಂದ ಜೀಪು ಹತ್ತುವಾಗಲೆಲ್ಲ ಲೆಕ್ಕ ಹಾಕುತ್ತೇನೆ. ಪ್ರತಿ ಸಲವೂ ತಕ್ಕಡಿಯಲ್ಲಿ ಅಟ್ಟಬೇಡ ಎನ್ನುವ ಕಡೆ ಭಾವ ಬಂದು ಕೂರುತ್ತಾರೆ, ಆ ಕಡೆಯೇ ಭಾರವಾಗುತ್ತದೆ.

ತಿಥಿಯಾಗಿ ಸ್ವಲ್ಪ ದಿನಕ್ಕೆ, ಆ ತರಗತಿಗೆ ಮೊದಲೇ, ಕಳ್ಳರು ಸಿಕ್ಕಿದ್ದರು. ಹೇಗೆ ಸಿಕ್ಕರೆಂದು ಹೇಳಿದರೆ ಹೊಟ್ಟೆ ಉರಿಯುತ್ತದೆ. ನಮ್ಮಲ್ಲಿ ಪ್ರತಿ ಮನೆಯವರೂ ಮರಿಯ ಕಿವಿಯನ್ನು ಒಂದೊಂದು ಬಗೆಯಲ್ಲಿ ಕತ್ತರಿಸಿ ಗುರುತು ಮಾಡುತ್ತಾರೆ. ರಾಡಿನ ಏಟು ತಿಂದ ಆ ಅಜ್ಜ ಬದುಕಿಕೊಂಡಿದ್ದ. ತಲೆಗೆ ಪಟ್ಟಿ ಕಟ್ಟಿಕೊಂಡೇ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು, ಬಸ್ಸಿನಲ್ಲಿ ಸಂತೆಯಿಂದ ಸಂತೆಗೆ ಅಲೆದು ಕುರಿಗಳ ಕಿವಿ ನೋಡುತ್ತಿದ್ದನಂತೆ. ಧರ್ಮಪುರದ ಆಚೆ, ರಾಜ್ಯದ ಗಡಿಯ ಹತ್ತಿರದ ಒಂದು ಸಂತೆಯಲ್ಲಿ ತನ್ನ ಗುರುತಿನ ಕುರಿ ಕಂಡ. ಹತ್ತಿರದಲ್ಲಿದ್ದ ಪೊಲೀಸಿನವರಿಗೆ ಹೇಳಿದ. ಅವರು ನಡೆದು ಹೋಗಿ, ಕುರಿ ಮಾರುತ್ತಿದ್ದವರ ಕೈ ಹಿಡಿದುಕೊಂಡರು.

ಸುದ್ದಿ ಹೇಳಬೇಕೆಂದು ಅಕ್ಕನ ಮನೆಗೆ ಹೋದೆ. ಕುರಿಗಳನ್ನು ಅವಳು ಮೈದುನನ ಹಿಂಡಿಗೆ ಸೇರಿಸಿಬಿಟ್ಟಿದ್ದಳು. ಜಗುಲಿಯಲ್ಲಿ ಕೂತು ರಾಗಿ ಕೇರುತ್ತಿದ್ದಳು.

'ಸಿಕ್ರು ಕಣಕ್ಕ' ಎಂದೆ.

ಮೊರ ನಿಂತಿತು. 'ಓಡ್ಲಿಲ್ವಾ?'

'ಇಲ್ಲ. ಸಂತೇಲಿ ಟೀ ಕುಡೀತಾ ನಿಂತಿದ್ರಂತೆ. ಕೈ ಹಿಡ್ಕಂಡ್ರೆ ಬಂದ್ರಂತೆ. ಯಾರೂ ಅಟ್ಟಿಸ್ಲಿಲ್ಲ.'

ಅವಳು ತುಂಬ ಹೊತ್ತು ಮೊರದೊಳಗಿನ ಕಲ್ಲು ಆರಿಸಿದಳು. ನಾನು ಕಾದಿದ್ದೆ. ಬೈಯಲಿ, ನಿನ್ನಿಂದಲೇ ಎನ್ನಲಿ, ಅವಳ ಬಾಯಿಂದ ಬಂದರೆ ಹೇಗೋ ಹೊತ್ತುಕೊಂಡು ಬದುಕುತ್ತೇನೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ನೋಡದೆ ಹೇಳಿದಳು:

'ನಿಮ್ ಭಾವ ಅವತ್ತು ಬ್ಯಾಡ ಅಂದಿದ್ರು ಕಣೋ. ಕಾರು ಜೋರಾಗಿ ಬರ್ತೈತಂತೆ, ರಸ್ತೆಗೆ ಕುರಿ ಬಿಡಾದು ಬ್ಯಾಡ ಅಂದ್ರು. ನಾನೇ ಬೈದೆ. ಹಿಂದೇನೇ ನನ್ ತಮ್ಮ ಬರ್ತಾವ್ನೆ, ಅವ್ನಿರೋವಾಗ ನಿಮಗೇನಾಗ್ತೈತೆ, ಹೋಗಿ ನಿಂತ್ಕಳ್ರಿ ಅಂದೆ.'